ನಾಲಿಗೆಗೆ ಮನೆ ಊಟದ ರುಚಿ ಮತ್ತೆ ಹತ್ತಿಸೋದು ಹೇಗೆ

ನಮ್ಮನೇಲಿ ಉಪ್ಪಿನ ಪ್ಯಾಕೆಟ್ ಮೇಲೆ ಮಾರ್ಕರ್ ಪೆನ್ನಲ್ಲಿ ತಾರೀಖು ಬರ್ದಿರುತ್ತೆ. ಪ್ಯಾಕೆಟ್ ಒಡೆದ ದಿನದ ತಾರೀಖು. ಅಡುಗೆಮನೆಗೆ ಬಂದವರೆಲ್ಲ ಇದ್ಯಾಕೆ ಅಂತ ಕೇಳ್ತಾರೆ, ಒಬ್ಬೊಬ್ಬರಿಗೂ ನಿಂತು ಹೇಳೋ ಬದಲು ಒಂದೇ ಸಲ ಕೂತು ಬರೆದುಬಿಡೋಣ ಅನ್ನಿಸ್ತು.

ಒಂದೂವರೆ ವರ್ಷದ ಹಿಂದೆ ನಮ್ಮ ಮನೆಯವ್ರಿಗೆ ಆಫೀಸಲ್ಲಿ ಹೆಲ್ತ್ ಚೆಕಪ್ ಮಾಡಿಸಿದ್ರು, ಬಿಪಿ 150/96 ಬಂತು, ವಯಸ್ಸು ಇನ್ನೂ 41. ಅದೇ ಟೈಮಲ್ಲಿ ಮಗ, ಆಗ ಅವನಿಗೆ ಆರು ವರ್ಷ, ನೂಡಲ್ಸು, ಕೆಚಪ್ಪು, ಕ್ರೀಮ್ ಬಿಸ್ಕತ್ತು ಇಷ್ಟು ಬಿಟ್ರೆ ಬೇರೇನೂ ಮುಟ್ತಿರ್ಲಿಲ್ಲ, ಸ್ಕೂಲಿಗೆ ಕಳಿಸಿದ ಪಲ್ಯ ಚಪಾತಿ ಸಾಯಂಕಾಲ ಹಾಗ್ಹಾಗೇ ವಾಪಸ್ ಬರೋದು. ನಾನು ತಿಪಟೂರು ಕಡೆಯವಳು, ಮುದ್ದೆ ಬಸ್ಸಾರಲ್ಲಿ ಬೆಳೆದವಳು, ಅತ್ತೆಯವ್ರು ಹಾವೇರಿ ಕಡೆಯವ್ರು, ಜೋಳದ ರೊಟ್ಟಿ ಇಲ್ದೆ ಅವ್ರಿಗೆ ಊಟ ಅನ್ನಿಸೋದೇ ಇಲ್ಲ. ಇಂಥಾ ಎರಡು ಅಡುಗೆಮನೆಯ ಮಗುಗೆ ಎರಡರ ರುಚಿನೂ ಗೊತ್ತಿಲ್ವಲ್ಲ ಅಂತ ಅವತ್ತು ನಿಜವಾಗ್ಲೂ ಸಂಕಟ ಆಯ್ತು.

ಆಮೇಲೆ ಓದ್ತಾ, ಮನೇಲೇ ಮಾಡ್ತಾ ಮಾಡ್ತಾ ನಂಗೆ ಅರ್ಥ ಆಗಿದ್ದು ಒಂದೇ ವಿಷಯ. ಜಂಕ್ ಬಿಡೋಕೆ ಬಾಯಿ ಕಟ್ಟಿ ಕೂತ್ರೆ ಅದು ಹದಿನೈದು ದಿನ ನಡೆಯುತ್ತೆ ಅಷ್ಟೇ. ನಾಲಿಗೆಗೆ ಬೇರೆ ರುಚಿ ಹತ್ತಿಸಬೇಕು. ಹತ್ತಿದ ಮೇಲೆ ಬಾಯಿ ಕಟ್ಟೋ ಪ್ರಮೇಯನೇ ಬರಲ್ಲ.

ರುಚಿ ಹತ್ತುತ್ತೆ ಅನ್ನೋದು ಬರೀ ಮಾತಲ್ಲ. ಹುಟ್ಟಿದ ಮಗುಗೆ ಸಿಹಿ ಇಷ್ಟ, ಕಹಿ ಆಗಲ್ಲ, ಇಂಥಾ ಕೆಲವು ಮಾತ್ರ ಹುಟ್ಟಿನಿಂದ ಬರೋದು, ಮಿಕ್ಕಿದ್ದು ಬಹುಪಾಲು ರೂಢಿ. ಇಂಗಿನ ಡಬ್ಬಿ ಮುಚ್ಚಳ ತೆಗೆದು ನೇರವಾಗಿ ಮೂಸಿ ನೋಡಿ, ತಲೆ ಹಿಂದಕ್ಕೆ ಹೋಗುತ್ತೆ, ಅದೇ ಇಂಗು ತುಪ್ಪದ ಒಗ್ಗರಣೆಗೆ ಬಿದ್ದು ಸಾರಿನ ಮೇಲೆ ಚೊರ್ರ್ ಅಂದ್ರೆ ಪಕ್ಕದ ಮನೆಯವ್ರಿಗೂ ಹಸಿವಾಗುತ್ತೆ. ಮೊದಲನೇ ಸಲ ಡಿಕಾಕ್ಷನ್ ಕುಡಿದಾಗ ಯಾರಿಗೂ ಇಷ್ಟ ಆಗಿರಲ್ಲ, ಈಗ ಅದಿಲ್ದೆ ಬೆಳಗೇ ಆಗಲ್ಲ. ನಾಲಿಗೆ ಮೇಲಿರೋ ರುಚಿ ಕೋಶಗಳು ಹೆಚ್ಚುಕಮ್ಮಿ 10 ದಿನಕ್ಕೊಂದು ಸಲ ಸತ್ತು ಹೊಸದು ಹುಟ್ತಾ ಇರ್ತವೆ. ಆದ್ರೆ ಇಷ್ಟ ಕಷ್ಟ ಅನ್ನೋದು ಕೂತಿರೋದು ಮೆದುಳಲ್ಲಿ, ಅದಕ್ಕೇ 10 ದಿನ ಸಾಕಾಗಲ್ಲ, ವಾರಗಳು ತಿಂಗಳುಗಳು ಬೇಕು. ಈ ಲೆಕ್ಕ ಮೊದಲೇ ಗೊತ್ತಿದ್ರೆ ಮಧ್ಯದಲ್ಲಿ ಕೈ ಬಿಡಲ್ಲ.

ಶುರು ಮಾಡೋದು ಉಪ್ಪಿಂದ

ತುಂಬಾ ಜನ ಶುರು ಮಾಡೋದು ಸಲಾಡ್ ಇಂದ. ನಾನು ಹೇಳೋದು, ಸೌತೆಕಾಯಿ ತಂದಿಡೋಕೆ ಮುಂಚೆ ಉಪ್ಪು ಇಳಿಸಿ. ಯಾಕಂದ್ರೆ ಚಿಪ್ಸು, ನೂಡಲ್ಸು, ಬೇಕರಿ ಖಾರ ಇವೆಲ್ಲ ಗಟ್ಟಿ ದನಿಲಿ ಕೂಗೋ ರುಚಿಗಳು, ಅದಕ್ಕೆ ಒಗ್ಗಿರೋ ಬಾಯಿಗೆ ಎಳೆ ಬೀನ್ಸಿನ ಸಿಹಿ, ಜೋಳದ ರೊಟ್ಟಿಯ ಸುಟ್ಟ ವಾಸನೆ ಏನೂ ಕೇಳ್ಸಲ್ಲ. ಮೊದಲು ಗಲಾಟೆ ಕಮ್ಮಿ ಆಗ್ಬೇಕು.

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ಅಂತ, ಅಂದ್ರೆ ಒಂದು ಟೀ ಚಮಚದಷ್ಟು, ಅದೂ ಎಲ್ಲಾ ಸೇರಿ. ಆದ್ರೆ ಅಡುಗೆಗೆ ಕೈಯಲ್ಲಿ ಹಾಕೋರಿಗೆ 5 ಗ್ರಾಂ ಅಂದ್ರೆ ಎಷ್ಟು ಅಂತ ಹೇಗೆ ಗೊತ್ತಾಗ್ಬೇಕು? ಪ್ಯಾಕೆಟ್ ಮೇಲೆ ತಾರೀಖು ಬರೆಯೋದು ಇದಕ್ಕೇ. ನಾವು ಮನೇಲಿ ನಾಲ್ಕು ಜನ, ದಿನಕ್ಕೆ ಹೆಚ್ಚಂದ್ರೆ 20 ಗ್ರಾಂ, ಹಾಗಾದ್ರೆ ಒಂದು ಕೆಜಿ ಪ್ಯಾಕೆಟ್ 50 ದಿನ ಬರ್ಬೇಕು. ನಾನು ಮೊದಲನೇ ಸಲ ಬರೆದಿಟ್ಟಾಗ 27 ದಿನಕ್ಕೆ ಖಾಲಿ. ತಲೆಗೆ 9 ಗ್ರಾಂ ದಾಟ್ತು, ಅದರ ಮೇಲೆ ಹೊರಗಡೆ ತಿಂದಿದ್ದು, ಅಂಗಡಿ ಉಪ್ಪಿನಕಾಯಿ, ಬ್ರೆಡ್ಡು ಬೇರೆ. ಲೆಕ್ಕ ಹಾಕಿ ಸುಮ್ನೆ ನಿಂತ್ಬಿಟ್ಟೆ ಒಂದು ನಿಮಿಷ. ನೀವೂ ಇವತ್ತೇ ಬರೆದಿಡಿ, ಬೇರೇನೂ ಬದಲಾಯಿಸ್ಬೇಡಿ, ಒಂದು ಪ್ಯಾಕೆಟ್ ಎಷ್ಟು ದಿನ ಬರುತ್ತೆ ಅಂತ ಮೊದಲು ನೋಡಿ.

ಇಳಿಸೋದು ಹೀಗೆ. ಕೈಲಿ ಹಾಕೋದು ನಿಲ್ಸಿ, ಒಂದು ಚಮಚ ಗೊತ್ತು ಮಾಡ್ಕೊಳಿ, ಚಾಕು ಬೆನ್ನಲ್ಲಿ ತಲೆ ಸಮ ಮಾಡಿ ಹಾಕಿ. ಎರಡು ವಾರಕ್ಕೊಂದು ಸಲ ಹತ್ತರಲ್ಲಿ ಒಂದು ಪಾಲು ಕಮ್ಮಿ ಮಾಡಿ, ಒಂದೇ ಸಲ ಅರ್ಧ ಮಾಡಿದ್ರೆ ಮನೆ ಮಂದಿಯೆಲ್ಲ ತಟ್ಟೆ ಪಕ್ಕ ಉಪ್ಪಿನ ಬಟ್ಟಲು ಇಟ್ಕೋತಾರೆ. ಮೊದಲು ಗೊತ್ತೇ ಆಗದ ಜಾಗದಲ್ಲಿ ತೆಗೀರಿ, ಚಪಾತಿ ಹಿಟ್ಟು, ಮುದ್ದೆ ಎಸರು, ಇವಕ್ಕೆ ಉಪ್ಪು ಬೇಡವೇ ಬೇಡ, ಪಕ್ಕದಲ್ಲಿ ಸಾರು ಪಲ್ಯ ಇದ್ದೇ ಇರುತ್ತಲ್ಲ. ಹುಳಿ ಇರೋ ಅಡುಗೇಲಿ ಕಮ್ಮಿ ಮಾಡೋದು ಸುಲಭ, ಹುಳಿ ಮುಂದಿದ್ರೆ ಉಪ್ಪು ಕಮ್ಮಿ ಅನ್ನೋದು ನಾಲಿಗೆಗೆ ತಟ್ಟಲ್ಲ, ಅದಕ್ಕೆ ಪಲ್ಯ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡೋದು ರೂಢಿ ಮಾಡ್ಕೊಂಡೆ. ಕರಿಮೆಣಸು, ಹುರಿದ ಎಳ್ಳಿನ ಪುಡಿ, ಹುಚ್ಚೆಳ್ಳು ಪುಡಿ, ಬೆಳ್ಳುಳ್ಳಿ ಒಗ್ಗರಣೆ, ಮೇಲೆ ಒಂದು ಹಿಡಿ ಕಾಯಿತುರಿ ಕೊತ್ತಂಬರಿ, ಇವೆಲ್ಲ ನಮ್ಮ ಕೈಯಲ್ಲೇ ಇರೋ ಅಸ್ತ್ರಗಳು. ಇನ್ನೊಂದು, ಉಪ್ಪಲ್ಲಿ ಒಂದು ಪಾಲು ಉಳಿಸ್ಕೊಂಡು ಒಲೆ ಆರಿಸಿದ ಮೇಲೆ ಮೇಲಿಂದ ಉದುರಿಸಿ, ಒಳಗೆ ಬೆಂದು ಇಂಗಿಹೋದ ಉಪ್ಪಿಗಿಂತ ಮೇಲಿರೋ ಉಪ್ಪು ನಾಲಿಗೆಗೆ ನೇರ ಸಿಗುತ್ತೆ.

ಮೂರನೇ ವಾರಕ್ಕೆ ಅತ್ತೆಯವ್ರು ಊಟಕ್ಕೆ ಕೂತು, "ಯಾಕವಾ, ಪಲ್ಯಾಕ್ಕ ಉಪ್ಪ ಹಾಕಿಲ್ಲೇನ?" ಅಂದ್ರು. ಅವ್ರಿಗೆ ಮೊದಲೇ ಹೇಳಿರ್ಲಿಲ್ಲ ನಾನು, ಅದು ತಪ್ಪು, ಮನೇಲಿ ದೊಡ್ಡವರಿಗೆ ಹೇಳಿ ಒಪ್ಪಿಸಿಯೇ ಶುರು ಮಾಡ್ಬೇಕು. ನಮ್ಮ ಮನೆಯವ್ರ ಬಿಪಿ ವಿಷಯ ಬಿಡಿಸಿ ಹೇಳಿದ ಮೇಲೆ ಅವ್ರೇ ಉಪ್ಪಿನಕಾಯಿ ಜಾಡಿ ಎತ್ತಿ ಮೇಲಿನ ಕಪಾಟಿಗೆ ಇಟ್ರು.

ಎಷ್ಟು ದಿನ ಕಷ್ಟ ಅಂದ್ರೆ, ನಮ್ಮನೇಲಿ ಮೊದಲ ಆರು ವಾರ ಸಪ್ಪೆ ಸಪ್ಪೆ ಅನ್ನಿಸ್ತು, ಸುಳ್ಳು ಹೇಳಲ್ಲ. ಮೂರು ತಿಂಗಳ ಹೊತ್ತಿಗೆ ಅದೇ ಸರಿ ಅನ್ನಿಸ್ತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೊನೆಲ್ ಅಂತ ರುಚಿ ವಾಸನೆ ಬಗ್ಗೆನೇ ಸಂಶೋಧನೆ ಮಾಡೋ ಸಂಸ್ಥೆ ಇದೆ, ಅಲ್ಲಿನವ್ರು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ತಿಂಗಳು ಕಮ್ಮಿ ಉಪ್ಪಿನ ಊಟ ಮಾಡಿದವ್ರಿಗೆ, ಮೊದಲು ಹಿತ ಅನ್ನಿಸ್ತಿದ್ದ ಉಪ್ಪಿಗಿಂತ ಕಮ್ಮಿ ಉಪ್ಪೇ ರುಚಿ ಅನ್ನಿಸೋಕೆ ಶುರುವಾಗಿತ್ತು. ಸಹಿಸ್ಕೊಂಡ್ರು ಅಂತಲ್ಲ, ಅದೇ ಇಷ್ಟ ಆಯ್ತು.

ಒಂದೆರಡು ಎಚ್ಚರಿಕೆ. ಇಂದುಪ್ಪು, ಪಿಂಕ್ ಸಾಲ್ಟ್ ತಗೊಂಡ್ರೆ ಸರಿಹೋಗುತ್ತೆ ಅಂತ ನಂಬ್ಬೇಡಿ, ಅದೂ ಸೋಡಿಯಮ್ಮೇ, ಅಯೋಡಿನ್ ಬೇರೆ ತಪ್ಪಿಹೋಗುತ್ತೆ. ಲೋ ಸೋಡಿಯಂ ಉಪ್ಪಲ್ಲಿ ಪೊಟ್ಯಾಶಿಯಂ ಇರುತ್ತೆ, ಕಿಡ್ನಿ ತೊಂದರೆ ಇರೋರು, ಕೆಲವು ಬಿಪಿ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳ್ದೆ ಮುಟ್ಟಬಾರ್ದು. ಬಿಪಿ ಮಾತ್ರೆನ ನೀವೇ ನಿಲ್ಲಿಸೋದಂತೂ ಬೇಡವೇ ಬೇಡ, ನಮ್ಮ ಮನೆಯವ್ರೂ ಇವತ್ತಿಗೂ ತಗೋತಾರೆ, ಡಾಕ್ಟರೇ ಡೋಸ್ ಇಳಿಸಿದ್ದಾರೆ.

ಸಕ್ಕರೆ

ಸಕ್ಕರೆ ವಿಷಯದಲ್ಲಿ ಕಾಫಿ ಟೀ ಒಂದು ಹಿಡಿದ್ರೆ ಅರ್ಧ ಕೆಲ್ಸ ಆದಂಗೆ. ಒಂದು ಚಮಚ ಸಕ್ಕರೆ 4-5 ಗ್ರಾಂ, ಲೋಟಕ್ಕೆ ಎರಡು ಚಮಚದ ಹಾಗೆ ದಿನಕ್ಕೆ ಮೂರು ಲೋಟ ಕುಡಿದ್ರೆ ಕಾಫಿಲೇ 25 ಗ್ರಾಂ ಆಯ್ತು, ದಿನಕ್ಕೆ ಇಷ್ಟರೊಳಗೆ ಇದ್ರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಲೆಕ್ಕ ಅಲ್ಲಿಗೇ ಮುಗೀತು. ವಾರಕ್ಕೆ ಕಾಲು ಚಮಚದ ಹಾಗೆ ಇಳಿಸಿ. ಎರಡು ಚಮಚದಿಂದ ಅರ್ಧ ಚಮಚಕ್ಕೆ ಬರೋಕೆ ನಂಗೆ ಆರು ವಾರ ಹಿಡೀತು, ಅಲ್ಲಿಗೆ ಬಂದಾಗ ಕಾಫಿ ಬೀಜದ ವಾಸನೆ, ಹಾಲಿನ ಒಳಗಿರೋ ತಣ್ಣಗಿನ ಸಿಹಿ ಎರಡೂ ಬೇರೆ ಬೇರೆಯಾಗಿ ಗೊತ್ತಾಗೋಕೆ ಶುರುವಾಯ್ತು. ಪುಡಿ ಮಾತ್ರ ಒಳ್ಳೇದು ತಗೊಳಿ, ಕಳಪೆ ಪುಡಿಯ ಕಹಿ ಮುಚ್ಚೋಕೇ ಅರ್ಧ ಸಕ್ಕರೆ ಬೀಳೋದು.

ಬೆಲ್ಲ ಹಾಕಿದ್ರೆ ಪರವಾಗಿಲ್ವಾ ಅಂತ ಎಲ್ರೂ ಕೇಳ್ತಾರೆ. ಬೆಲ್ಲದ ರುಚಿ ಚೆನ್ನಾಗಿದೆ, ನಂಗೂ ಇಷ್ಟ, ಆದ್ರೆ ನಾಲಿಗೆಯ ಸಿಹಿ ಅಭ್ಯಾಸ ಇಳಿಸೋಕೆ ಅದು ಸಹಾಯ ಮಾಡಲ್ಲ, ಕ್ಯಾಲೊರಿನೂ ಹೆಚ್ಚುಕಮ್ಮಿ ಸಕ್ಕರೆಯಷ್ಟೇ. ಶುಗರ್ ಫ್ರೀ ಗುಳಿಗೆನೂ ಹಾಗೇ, ಬಾಯಿಗೆ ಅಷ್ಟೇ ಸಿಹಿ ಬೇಕು ಅನ್ನೋ ಅಭ್ಯಾಸ ಹಾಗೇ ಉಳಿಯುತ್ತೆ, ತೂಕ ಇಳಿಸೋಕೆ ಅಂತ ಅದನ್ನ ಬಳಸ್ಬೇಡಿ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆನೇ ಹೇಳ್ತು. ಶುಗರ್‌ಗೆ ಮಾತ್ರೆ ಇನ್ಸುಲಿನ್ ತಗೊಳ್ಳೋರು ಸಿಹಿ ಇಳಿಸೋವಾಗ ಡಾಕ್ಟರಿಗೆ ಹೇಳಿ.

ಸಿಹಿ ವಿಷಯದಲ್ಲಿ ಒಂದು ನಿಜ ಹೇಳ್ಬೇಕು. ಉಪ್ಪಿನಷ್ಟು ಸಲೀಸಾಗಿ ಸಿಹಿ ಆಸೆ ಹೋಗಲ್ಲ. ಮೊನೆಲ್‌ನವ್ರೇ 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಮೂರು ತಿಂಗಳು ಸಕ್ಕರೆ ಕಮ್ಮಿ ಮಾಡಿದವ್ರಿಗೆ ಅದೇ ಪುಡಿಂಗು ಮೊದಲಿಗಿಂತ ಜಾಸ್ತಿ ಸಿಹಿ ಅನ್ನಿಸ್ತು, ಆದ್ರೆ ಸಿಹಿ ಮೇಲಿನ ಪ್ರೀತಿ ಅಷ್ಟೇನೂ ಬದಲಾಗಿರ್ಲಿಲ್ಲ, ಸಕ್ಕರೆ ಮತ್ತೆ ತಿನ್ನೋಕೆ ಬಿಟ್ಟಾಗ ಒಂದೇ ತಿಂಗಳಲ್ಲಿ ಎಲ್ಲಾ ಹಳೇ ಥರಕ್ಕೇ ಬಂತು. ಹಾಗಾಗಿ ಸಿಹಿನ ಪೂರ್ತಿ ಓಡಿಸೋ ಹಟ ಬೇಡ, ಅದನ್ನ ಹಣ್ಣಿನ ಕಡೆ ತಿರುಗಿಸಿ. ಊಟ ಆದ ತಕ್ಷಣ ಏನಾದ್ರೂ ಸಿಹಿ ಬೇಕು ಅನ್ನಿಸಿದಾಗ ಚೆನ್ನಾಗಿ ಕಳಿತ ಏಲಕ್ಕಿ ಬಾಳೆಹಣ್ಣು, ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಿದ್ದಿರೋದು, ಒಂದು ತಿಂದು ನೋಡಿ. ಸಕ್ಕರೆ ಇಳಿಸಿ ಎರಡು ತಿಂಗಳಾದ ಬಾಯಿಗೆ ಅದು ಪಾಯಸನೇ.

ಪ್ಯಾಕೆಟ್ಟಿನ ಒಳಗೇನಿದೆ ಅಂತ ನಾಲಿಗೆಗೇ ತೋರ್ಸಿ

ಇದು ಮನೇಲಿ ಎಲ್ರನ್ನೂ ಕೂರಿಸ್ಕೊಂಡು ಮಾಡೋ ಕೆಲ್ಸ, ಒಂದು ಭಾನುವಾರ ಸಾಕು. ಒಂದು ಬಾಟ್ಲಿ ಕೋಲಾ ತಂದು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಮಧ್ಯಾಹ್ನದ ತನಕ ಹಾಗೇ ತೆರೆದಿಡಿ. ಗ್ಯಾಸ್ ಹೋಗಿ, ತಣ್ಣಗಿದ್ದಿದ್ದು ಬಿಟ್ಟಮೇಲೆ ಒಂದು ಗುಟುಕು ಕುಡೀರಿ. ಗಂಟಲಿಗೆ ಅಂಟ್ಕೊಳ್ಳೋ ಸಕ್ಕರೆ ಪಾಕ ಅಷ್ಟೇ. ತಣ್ಣಗಿದ್ದಾಗ ಸಿಹಿ ಕಮ್ಮಿ ಅನ್ಸುತ್ತೆ, ಹುಳಿ ಮತ್ತೆ ಗ್ಯಾಸಿನ ಚುರುಕು ಅದನ್ನ ಇನ್ನೂ ಮುಚ್ಚುತ್ತೆ, 300 ಎಂಎಲ್ ಬಾಟ್ಲಿಲಿ 30 ಗ್ರಾಂ ಆಸುಪಾಸು ಸಕ್ಕರೆ ಇದ್ರೂ ನಾಲಿಗೆಗೆ ಸುಳಿವೇ ಸಿಗಲ್ಲ. ನಮ್ಮ ಹುಡುಗ ಆ ಬಿಸಿ ಕೋಲಾ ಬಾಯಿಗಿಟ್ಟು ಮುಖ ಕಿವುಚಿ ಲೋಟ ವಾಪಸ್ ಇಟ್ಟ, ನಾನು ಒಂದು ಮಾತೂ ಹೇಳೋ ಅಗತ್ಯ ಬೀಳ್ಲಿಲ್ಲ.

ಚಿಪ್ಸಿಗೂ ಇದೇ ಥರ. ಒಂದು ಚಿಪ್ಸನ್ನ ಕಡೀದೆ ನಾಲಿಗೆ ಮೇಲಿಟ್ಕೊಂಡು ಕಣ್ಮುಚ್ಚಿ ಕರಗೋಕೆ ಬಿಡಿ. ಮೊದಲು ಅಂಚಿನಲ್ಲಿ ಉಪ್ಪು ಚುರುಚುರು ಅನ್ನುತ್ತೆ, ಆಮೇಲೆ ಮಸಾಲೆ ಹುಳಿ, ಅದಾದ್ಮೇಲೆ ಅಂಗುಳಕ್ಕೆ ಎಣ್ಣೆ ಮೆತ್ಕೊಳ್ಳುತ್ತೆ, ಕೊನೆಗೆ ಉಳಿಯೋದು ಒದ್ದೆ ಹಿಟ್ಟು. ಆಲೂಗಡ್ಡೆ ರುಚಿ ಎಲ್ಲೂ ಸಿಗಲ್ಲ. ಆಕ್ಸ್‌ಫರ್ಡ್‌ನಲ್ಲಿ ಮಾಡಿ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಡಿಯೋವಾಗ ಬರೋ ಶಬ್ದನ ಹೆಡ್‌ಫೋನಲ್ಲಿ ಜೋರು ಮಾಡಿ ಕೇಳಿಸಿದ್ರೆ ಅದೇ ಚಿಪ್ಸು ಜನಕ್ಕೆ ಇನ್ನೂ ಗರಿಗರಿ, ಇನ್ನೂ ತಾಜಾ ಅನ್ನಿಸ್ತಂತೆ. ಅಂದ್ರೆ ನಮಗೆ ಅರ್ಧ ಬೇಕಾಗಿರೋದು ಆ ಕರಂ ಕುರುಂ. ಅದನ್ನ ಹುರಿದ ಕಡ್ಲೆಕಾಯಿಬೀಜ, ಹುರಿದ ಕಡ್ಲೆಕಾಳು, ಮಂಡಕ್ಕಿ, ಅತ್ತೆಯವ್ರ ಖಡಕ್ ರೊಟ್ಟಿ ಯಾವುದು ಬೇಕಾದ್ರೂ ಕೊಡುತ್ತೆ. ಖಡಕ್ ರೊಟ್ಟಿ ಮುರಿದು ಅದ್ರ ಮೇಲೆ ಶೇಂಗಾ ಚಟ್ನಿ ಪುಡಿ, ಒಂದು ಚೂರು ಮೊಸರು ಹಾಕ್ಕೊಂಡು ತಿಂದ್ರೆ ಯಾವ ಚಿಪ್ಸೂ ಹತ್ರ ಸುಳಿಯಲ್ಲ. ಹಪ್ಪಳ ಸಂಡಿಗೆ ಮಾತ್ರ ಹುಷಾರು, ಮನೇದಾದ್ರೂ ಉಪ್ಪು ಜಾಸ್ತಿನೇ.

ಪ್ಯಾಕೆಟ್ ಹಿಂದೆ ಸೋಡಿಯಂ ಅಂತ ಮಿಲಿಗ್ರಾಂ ಲೆಕ್ಕದಲ್ಲಿ ಬರ್ದಿರುತ್ತೆ, 400 ಮಿಲಿಗ್ರಾಂ ಸೋಡಿಯಂ ಅಂದ್ರೆ 1 ಗ್ರಾಂ ಉಪ್ಪು ಅಂತ ನೆನಪಿಟ್ಕೊಳಿ. ಹೆಚ್ಚಿನವು 100 ಗ್ರಾಂಗೆ ಬರ್ದಿರ್ತಾರೆ, ನಿಮ್ಮ ಪ್ಯಾಕೆಟ್ ಎಷ್ಟು ಗ್ರಾಂ ಅಂತಾನೂ ನೋಡ್ಕೊಳಿ.

ಇದು ಮನಸ್ಸು ಗಟ್ಟಿ ಇಲ್ಲದವ್ರ ಸಮಸ್ಯೆ ಅಂತ ದಯವಿಟ್ಟು ಯಾರನ್ನೂ ಹೀಯಾಳಿಸ್ಬೇಡಿ. 2019ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಎನ್‌ಐಎಚ್‌ನಲ್ಲಿ 20 ಜನರನ್ನ ಅಲ್ಲೇ ಇರಿಸ್ಕೊಂಡು ಎರಡು ವಾರ ಫ್ಯಾಕ್ಟರಿ ಥರದ ಊಟ, ಎರಡು ವಾರ ಸಾದಾ ಅಡುಗೆ ಕೊಟ್ಟು ನೋಡಿದ್ರು, ಬಡಿಸಿದ್ದರಲ್ಲಿ ಸಕ್ಕರೆ ಉಪ್ಪು ಕೊಬ್ಬು ನಾರು ಎರಡರಲ್ಲೂ ಹೊಂದಿಸಿದ್ರು, ಬೇಕಾದಷ್ಟು ತಿನ್ನಿ ಅಂದಿದ್ರು. ಫ್ಯಾಕ್ಟರಿ ಊಟದ ಎರಡು ವಾರ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದಿದ್ರು, ತೂಕ ಸುಮಾರು 0.9 ಕೆಜಿ ಏರಿತ್ತು. ಮೆತ್ತಗಿರುತ್ತೆ, ಅಗಿಯೋ ಕೆಲ್ಸ ಇಲ್ಲ, ಹೊಟ್ಟೆ ತುಂಬ್ತು ಅಂತ ಗೊತ್ತಾಗೋ ಮುಂಚೆ ಪ್ಯಾಕೆಟ್ ಖಾಲಿ.

ಕಹಿ, ಸೊಪ್ಪು, ರಾಗಿ

ಇಲ್ಲಿ ನಮ್ಮ ಅಜ್ಜಿಯಂದ್ರ ಅಡುಗೆ ಕೆಲ್ಸಕ್ಕೆ ಬರೋದು. ಹಾಗಲಕಾಯಿನ ಯಾರೂ ಹಸಿಯಾಗೇ ಕೊಟ್ಟು ತಿನ್ನು ಅನ್ಲಿಲ್ಲ. ತೆಳ್ಳಗೆ ಬಿಲ್ಲೆ ಹೆಚ್ಚಿ, ಉಪ್ಪು ಅರಿಶಿನ ಸವರಿ 20 ನಿಮಿಷ ಬಿಟ್ಟು, ಬಿಟ್ಕೊಂಡ ನೀರು ಹಿಂಡಿ ತೊಳೆದು, ಎಣ್ಣೇಲಿ ಅಂಚು ಕೆಂಪಗಾಗೋ ತನಕ ಬಾಡಿಸಿ, ಹುಣಸೆ ರಸ, ಬೆಲ್ಲ, ಹುರಿದ ಎಳ್ಳು ಕೊಬ್ಬರಿ ಮೆಣಸಿನಕಾಯಿ ಪುಡಿ ಹಾಕಿ ಗೊಜ್ಜು ಕುದಿಸ್ತಿದ್ರು. ಉಪ್ಪಿಗೆ ಕಹಿನ ಅದುಮೋ ಗುಣ ಇದೆ, ಹುಳಿ ಸಿಹಿ ಮಿಕ್ಕಿದ್ದನ್ನ ನೋಡ್ಕೊಳ್ಳುತ್ತೆ. ನಾನು ಮಾಡಿದ್ದು ಇಷ್ಟೇ, ಮೊದಲ ಸಲ ಬೆಲ್ಲ ನಿಂಬೆಹಣ್ಣಿನ ಗಾತ್ರ ಹಾಕಿದೆ, ಆಮೇಲೆ ಪ್ರತಿ ಸಲ ಚೂರು ಚೂರು ಕಮ್ಮಿ ಮಾಡ್ತಾ ಬಂದೆ, ಈಗ ಅಡಿಕೆ ಗಾತ್ರಕ್ಕೆ ಬಂದಿದೆ. ಯುಗಾದಿ ದಿನ ಬೇವು ಬೆಲ್ಲ ಒಟ್ಟಿಗೆ ಬಾಯಿಗೆ ಹಾಕ್ಕೋತೀವಲ್ಲ, ಹಾಗೇ, ಜೊತೆಗೊಂದು ಇಷ್ಟದ್ದು ಇದ್ರೆ ಇಷ್ಟವಿಲ್ಲದ್ದನ್ನೂ ನಾಲಿಗೆ ಒಳಗೆ ಬಿಟ್ಕೊಳ್ಳುತ್ತೆ.

ಮೆಂತ್ಯ ಸೊಪ್ಪಿಗೂ ಇದೇ ದಾರಿ, ಮೊದಲು ಅಕ್ಕಿ ರೊಟ್ಟಿ ಒಳಗೆ ಸಣ್ಣಗೆ ಹೆಚ್ಚಿ, ಆಮೇಲೆ ಮೆಂತ್ಯ ಬಾತ್, ಆಮೇಲೆ ಬೇಳೆ ಜೊತೆ ಪಲ್ಯ, ಕೊನೆಗೆ ಬರೀ ಸೊಪ್ಪು. ದಂಟು, ಹರಿವೆ, ಸಬ್ಬಸಿಗೆ ಎಲ್ಲಾ ಬಸ್ಸಾರಿಗೆ ಹಾಕಿ, ಬಸಿದ ಕಟ್ಟಿನ ಸಾರಲ್ಲಿ ಸೊಪ್ಪಿನ ರುಚಿ ಇರುತ್ತೆ, ಸೊಪ್ಪು ಬಾಯಿಗೆ ಸಿಗಲ್ಲ, ಶುರುಗೆ ಮಕ್ಕಳಿಗೆ ಅದೇ ಬೇಕು. ಮಲೆನಾಡು ಕಡೆಯವ್ರ ಥರ ಒಂದೆಲಗ, ದೊಡ್ಡಪತ್ರೆ ತಂಬುಳಿ ಮಾಡಿದ್ರೆ ಮಜ್ಜಿಗೆಯ ಹುಳಿ ರುಚಿ ಆ ಒಗರನ್ನ ಮೆತ್ತಗೆ ಮಾಡುತ್ತೆ.

ರಾಗಿ ಗೊತ್ತಿಲ್ಲದ ಬಾಯಿಗೆ ಮೊದಲನೇ ದಿನಾನೇ ಮುದ್ದೆ ಕೊಡ್ಬೇಡಿ. ದೋಸೆ ಹಿಟ್ಟಿಗೆ ನಾಲ್ಕು ಸೌಟಿಗೆ ಒಂದು ದೊಡ್ಡ ಚಮಚ ರಾಗಿ ಹಿಟ್ಟು, ಎರಡು ವಾರ ಬಿಟ್ಟು ಎರಡು ಚಮಚ, ಹೀಗೆ ಅರ್ಧಕ್ಕರ್ಧ ತನಕ ಬನ್ನಿ. ಆಮೇಲೆ ಈರುಳ್ಳಿ ಸಬ್ಬಸಿಗೆ ಹಾಕಿದ ರಾಗಿ ರೊಟ್ಟಿ. ಮುದ್ದೆ ಕೊನೆಗೆ, ಅದೂ ಅಡಿಕೆ ಗಾತ್ರ ಮುರಿದು ಸಾರಲ್ಲಿ ಅದ್ದಿ ಅಗಿಯದೆ ನುಂಗೋದು ತೋರ್ಸಿಕೊಡಿ, ಅಗಿದ್ರೆ ಹಲ್ಲಿಗೆ ಅಂಟಿ ಯಾರಿಗಾದ್ರೂ ಬೇಜಾರಾಗುತ್ತೆ. 100 ಗ್ರಾಂ ರಾಗಿಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಇದರ ಹತ್ರಕ್ಕೂ ಬರಲ್ಲ, ಬೆಳೆಯೋ ಮಕ್ಕಳಿಗೆ ಇದನ್ನ ಕೊಡದೇ ಇರೋದು ನಷ್ಟ.

ತರಕಾರಿ ಸೀಸನ್ ಪ್ರಕಾರ ತಗೊಳಿ, ರುಚಿ ಅಲ್ಲೇ ಅರ್ಧ ಗೆದ್ದಂಗೆ. ಡಿಸೆಂಬರ್ ಜನವರಿಲಿ ಸೊಗಡಿನ ಅವರೆಕಾಯಿ ಬಂದಾಗ ಸುಲಿಯೋ ಕೈಗೆಲ್ಲ ಆ ವಾಸನೆ ಹತ್ತಿರುತ್ತೆ, ಆಗ ಹಿತ್ಕಿದವರೆ ಸಾರು ಮಾಡಿದ್ರೆ ಯಾವ ಮಗುನೂ ಬೇಡ ಅನ್ನಲ್ಲ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ಕಡ್ಲೆಕಾಯಿ ಪರಿಷೆಗೆ ಮಗನ್ನ ಕರ್ಕೊಂಡು ಹೋಗಿ ಹಸೀದು, ಹುರಿದಿದ್ದು, ಬೇಯಿಸಿದ್ದು ಮೂರೂ ತಿನ್ನಿಸಿದೆ, ಯಾವ್ದು ಚೆನ್ನಾಗಿದೆ ಹೇಳು ಅಂದೆ. ಬೇಯಿಸಿದ್ದು ಅಂದ. ಅವನು ತಾನಾಗೇ ಆರಿಸಿದ ಮೊದಲ ಒಳ್ಳೇ ತಿಂಡಿ ಅದು.

ಮಕ್ಕಳ ವಿಷಯ

ಎರಡರಿಂದ ಆರು ವರ್ಷದ ಮಕ್ಕಳು ಹೊಸದನ್ನ ಬೇಡ ಅನ್ನೋದು ಸಹಜ, ಹಟಮಾರಿತನ ಅಲ್ಲ. ಒಂದು ಹೊಸ ತರಕಾರಿ ಇಷ್ಟ ಆಗೋಕೆ 8ರಿಂದ 15 ಸಲ ಬಾಯಿಗೆ ಬೀಳ್ಬೇಕು ಅಂತ ಈ ಬಗ್ಗೆ ಅಧ್ಯಯನ ಮಾಡಿದವ್ರು ಹೇಳ್ತಾರೆ, ನಾವು ಮೂರನೇ ಸಲಕ್ಕೇ "ನಮ್ಮ ಮಗುಗೆ ಬೀನ್ಸ್ ಆಗಲ್ಲ" ಅಂತ ತೀರ್ಮಾನ ಮಾಡ್ಬಿಡ್ತೀವಿ. ನಮ್ಮನೇಲಿ ಕ್ಯಾಲೆಂಡರ್ ಮೇಲೆ ಗೆರೆ ಎಳೀತಿದ್ದೆ. ನಿಯಮ ಒಂದೇ, ಕಡ್ಲೆಕಾಳಿನಷ್ಟು ಚೂರು ಬಾಯಿಗಿಡ್ಬೇಕು, ಇಷ್ಟ ಆಗ್ಲಿಲ್ಲ ಅಂದ್ರೆ ಉಗೀಬಹುದು, ಯಾರೂ ಬೈಯಲ್ಲ. ಬೀನ್ಸ್ 11ನೇ ಗೆರೆಗೆ ಒಳಗೆ ಹೋಯ್ತು. ಬದನೆಕಾಯಿ ಇನ್ನೂ ಹೋಗಿಲ್ಲ, ಇರ್ಲಿ.

"ಪಲ್ಯ ತಿಂದ್ರೆ ಚಾಕ್ಲೇಟ್ ಕೊಡ್ತೀನಿ" ಅನ್ನೋದನ್ನ ಇವತ್ತೇ ನಿಲ್ಸಿ. ಮಗುಗೆ ಅದರಿಂದ ತಿಳಿಯೋದು ಪಲ್ಯ ಅಂದ್ರೆ ಶಿಕ್ಷೆ, ಚಾಕ್ಲೇಟ್ ಅಂದ್ರೆ ಬಹುಮಾನ ಅಂತ, ಚಾಕ್ಲೇಟ್ ಮೇಲಿನ ಆಸೆ ಇನ್ನೂ ಜಾಸ್ತಿ ಆಗುತ್ತೆ. ಪೂರ್ತಿ ನಿಷೇಧನೂ ಹಾಗೇ, ಕಣ್ಣೆದುರು ಇಟ್ಟು ಮುಟ್ಬೇಡ ಅಂದಷ್ಟೂ ಮನಸ್ಸೆಲ್ಲ ಅದ್ರ ಮೇಲೇ. ಮನೆಗೆ ತರ್ಬೇಡಿ, ಹೊರಗೆ ಹೋದಾಗ ಒಂದಿನ ತಿಂದ್ರೆ ಖುಷಿಯಿಂದ ತಿನ್ಲಿ.

ನೂಡಲ್ಸ್ ನಾನು ಒಂದೇ ದಿನ ನಿಲ್ಲಿಸ್ಲಿಲ್ಲ. ಮೊದಲು ಮಸಾಲೆ ಪುಡಿ ಅರ್ಧ ಮಾತ್ರ ಹಾಕಿ ಮಿಕ್ಕಿದ್ದು ಒಂದು ಪುಟ್ಟ ಡಬ್ಬಿಗೆ ತೆಗೆದಿಟ್ಟೆ, ಕ್ಯಾರೆಟ್ ಬಟಾಣಿ ಸೇರಿಸ್ದೆ. ಒಂದು ತಿಂಗಳಾದ್ಮೇಲೆ ಮಸಾಲೆ ಕಾಲು ಭಾಗ, ಜೊತೆಗೆ ನಾನೇ ಹುರಿದು ಪುಡಿ ಮಾಡಿದ ಧನಿಯ, ಜೀರಿಗೆ, ಮೆಣಸು, ಒಣಶುಂಠಿ, ಚೆನ್ನಾಗಿ ಮಾಗಿದ ಎರಡು ಟೊಮೆಟೊ. ಪ್ಯಾಕೆಟ್ಟಿನ ಮಸಾಲೆ ಪುಡಿಲಿ ಬಾಯಿ ನೀರೂರಿಸೋ ಉಮಾಮಿ ರುಚಿ ಗ್ಲುಟಮೇಟಿಂದ ಬರೋದು, 1908ರಲ್ಲಿ ಜಪಾನಿನ ಇಕೆಡಾ ಅನ್ನೋ ವಿಜ್ಞಾನಿ ಕಂಡುಹಿಡಿದಿದ್ದು, ಮಾಗಿದ ಟೊಮೆಟೊ, ಅಣಬೆಲೂ ಅದಿದೆ. ಆಮೇಲೆ ನೂಡಲ್ಸ್ ಜಾಗಕ್ಕೆ ಅಕ್ಕಿ ಶಾವಿಗೆ ಬಂತು. ಒಟ್ಟು ನಾಲ್ಕು ತಿಂಗಳ ಕೆಲ್ಸ ಇದು, ಅವಸರ ಮಾಡಿದ್ರೆ ಕೆಡುತ್ತೆ.

ಕಣ್ಣಿಗೂ ರೂಢಿ ಆಗ್ಬೇಕು. ಮನೇಲಿ ಗೋಬಿ ಮಂಚೂರಿ ಮಾಡಿದ್ರೆ "ಕೆಂಪಗಿಲ್ಲ, ಬೇಡ" ಅಂತಿದ್ದ. 2024ರ ಮಾರ್ಚಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧಿಸ್ತು, ಬಾಂಬೆ ಮಿಠಾಯಿಗೂ ಕೂಡ, ರೋಡಮಿನ್ ಬಿ ಅನ್ನೋ ಬಟ್ಟೆಗೆ ಹಾಕೋ ಬಣ್ಣ ಸಿಕ್ಕಿತ್ತು. ಅದನ್ನ ಮಗನಿಗೆ ಅರ್ಥ ಆಗೋ ಹಾಗೆ ಹೇಳಿ, ಬೀಟ್‌ರೂಟ್ ಅವನ ಕೈಲೇ ತುರಿಸಿ, ನೋಡು ಕೆಂಪು ಅಂದ್ರೆ ಇದು ಅಂದೆ. ಎರಡು ದಿನ ಕೈ ತೋರ್ಸ್ಕೊಂಡು ಓಡಾಡ್ದ.

ಸಾಯಂಕಾಲ ಐದು ಗಂಟೆ

ಎಲ್ಲಾ ಕೆಡೋದು ಈ ಹೊತ್ತಲ್ಲೇ. ಆಫೀಸ್ ಕೆಳಗಡೆ ಬೇಕರಿ, ಖಾರ ಬನ್ನು, ಪಫ್ಸು ವಾಸನೆ, ಮಧ್ಯಾಹ್ನ ಗಡಿಬಿಡಿಲಿ ಉಂಡಿರೋದು ಕರಗಿರುತ್ತೆ. ಆ ಹೊತ್ತಲ್ಲಿ ಮನಸ್ಸು ಗಟ್ಟಿ ಮಾಡ್ಕೋ ಅನ್ನೋದು ನಡೆಯಲ್ಲ, ಕೈಯಲ್ಲಿ ಇನ್ನೊಂದು ಇರ್ಬೇಕು. ನಾನು ಬ್ಯಾಗಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿ ಇಟ್ಕೋತೀನಿ, ಬೇಯಿಸಿದ ಕಡ್ಲೆಕಾಳು ಉಸ್ಲಿನೋ, ಹುರಿದ ಕಡ್ಲೆಕಾಯಿಬೀಜನೋ, ಚೂರು ಖಾರದ ಪುಡಿ ಉದುರಿಸಿದ ಸೀಬೆಹಣ್ಣಿನ ಹೋಳುಗಳೋ. ನಾಲ್ಕೂವರೆಗೇ ತಿಂದ್ಬಿಡ್ತೀನಿ, ಐದಕ್ಕೆ ಕಾಯಲ್ಲ. ನಿದ್ದೆ ಕೆಟ್ಟ ದಿನ ಈ ಆಸೆ ಇನ್ನೂ ಜಾಸ್ತಿ ಇರುತ್ತೆ, ಅವತ್ತು ಡಬ್ಬಿ ದೊಡ್ಡದಿರ್ಲಿ.

ಹಸಿವಿಗೆ ರುಚಿ ಇಲ್ಲ ಅಂತಾರಲ್ಲ, ಅದನ್ನ ಮನೇಲೂ ಬಳಸ್ಕೊಳಿ. ಆಡಿ ಬಂದು ಹಸಿದಿರೋ ಮಕ್ಕಳ ಮುಂದೆ ಮೊದಲು ಹೆಸರುಬೇಳೆ ಕೋಸಂಬರಿ, ಸೌತೆಕಾಯಿ ಇಡಿ, ಅನ್ನ ಸಾರು ಹತ್ತು ನಿಮಿಷ ತಡ ಮಾಡಿ. ಎಲೆ ಊಟದಲ್ಲಿ ಅನ್ನ ಬರೋ ಮುಂಚೆ ಕೋಸಂಬರಿ ಪಲ್ಯ ಬಂದು ಕೂತಿರ್ತವೆ, ಕಾಯ್ತಾ ಕೂತೋರು ಅದನ್ನೇ ಖಾಲಿ ಮಾಡಿರ್ತಾರೆ. ಟಿವಿ ಮೊಬೈಲ್ ಆಫ್ ಮಾಡಿ, ಬಾಯಲ್ಲಿರೋದು ಏನು ಅಂತ ಗೊತ್ತಾಗದೆ ರುಚಿ ಹೇಗೆ ಹತ್ತುತ್ತೆ.

ಹಬ್ಬ, ಮದುವೆ, ಊರಿಗೆ ಹೋಗೋದು, ಇವೆಲ್ಲ ಬರುತ್ತೆ. ದೀಪಾವಳಿಲಿ ಒಂದು ವಾರ ಊರಲ್ಲಿದ್ವಿ, ಚಕ್ಲಿ, ಕರ್ಜಿಕಾಯಿ, ಬೋಂಡ ಎಲ್ಲಾ ತಿಂದ್ವಿ, ವಾಪಸ್ ಬಂದ್ಮೇಲೆ ಮೂರು ದಿನ ಮನೆ ಸಾರು ಸಪ್ಪೆ ಅನ್ನಿಸ್ತು. ನಾಲ್ಕನೇ ದಿನ ಸರಿ ಹೋಯ್ತು. ಒಂದ್ಸಲ ಹತ್ತಿದ ರುಚಿಗೆ ದಾರಿ ಗೊತ್ತಿರುತ್ತೆ, ಹೆದರ್ಕೊಂಡು ಹಬ್ಬ ಬಿಡ್ಬೇಡಿ, ಬಂದ ಮರುದಿನವೇ ಮಾಮೂಲಿ ಅಳತೆ ಚಮಚ ಕೈಗೆ ತಗೊಳಿ ಅಷ್ಟೇ.

ಹೋದ ತಿಂಗಳು ಮಗನ ಸ್ನೇಹಿತನ ಬರ್ತ್‌ಡೇಲಿ ಅವನ ಹಳೇ ಇಷ್ಟದ ಮಸಾಲ ಚಿಪ್ಸ್ ಕೊಟ್ಟಿದ್ರು, ಮನೆಗೆ ಬಂದು "ಅಮ್ಮ ಅದು ತುಂಬಾ ಉಪ್ಪಾಗಿತ್ತು, ನಾಲಿಗೆ ಉರೀತು, ನೀರು ಕೊಡು" ಅಂದ. ಎರಡು ಲೋಟ ನೀರು ಕುಡಿದ. ಈಗ ನಡೀತಿರೋ ಉಪ್ಪಿನ ಪ್ಯಾಕೆಟ್ ಒಡೆದು ಇವತ್ತಿಗೆ 38 ದಿನ, ಇನ್ನೂ ಕಾಲು ಭಾಗ ಉಳಿದಿದೆ.